ಹತ್ತೊಂಬತ್ತು ಮಕ್ಕಳ ಹೂಂ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು ಎದೆಯುಬ್ಬಿಸಿ "ಸಂಶೋಧನೆ" ಎನ್ನುತ್ತಿದ್ದೆ. ಚಿಕ್ಕಮ್ಮ ಮಾತ್ರ ಪಕ್ಕದ ಮನೆಯವರಿಗೆ, "ಏನಿಲ್ಲ, ಬೆಳಿಗ್ಗೆ ಎದ್ದು ಕಂಡೋರ ಮಕ್ಕಳಿಗೆಲ್ಲ ಫೋನ್ ಮಾಡಿ ಹಲ್ಲುಜ್ಜೋಕೂ ಬಿಡಲ್ಲ" ಎಂದು ಹೇಳಿಬಿಡುತ್ತಿದ್ದಳು. ಇಬ್ಬರ ಮಾತೂ ನಿಜವೇ.

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಲಿಫ್ಟಿನಿಂದ ಇಳಿದು ಎಡಕ್ಕೆ ತಿರುಗಿದರೆ ನಮ್ಮ ಕೋಣೆ. ಬಾಗಿಲ ಮೇಲೆ "ಮಕ್ಕಳ ಕೀಲುವಾತ ಸಂಶೋಧನೆ" ಎಂಬ ಹಲಗೆ. ಒಳಗೆ ಮೂರು ಮೇಜು, ಒಂದು ತೂಕದ ಯಂತ್ರ, ಮಕ್ಕಳ ಹಿಡಿತ ಎಷ್ಟು ಗಟ್ಟಿ ಎಂದು ನೋಡಲು ಹಿಂಡುವ ಒಂದು ರಬ್ಬರ್ ಚೆಂಡು. ಕೀಲುವಾತ ವಯಸ್ಸಾದವರಿಗಷ್ಟೇ ಬರುತ್ತದೆ ಎಂದು ನಾನೂ ತಿಳಿದಿದ್ದೆ. ಅಲ್ಲಿಗೆ ಹೋದ ಮೊದಲ ದಿನವೇ ಎರಡೂವರೆ ವರ್ಷದ ಒಂದು ಮಗು, ನಡೆಯಲು ಕಲಿತಿದ್ದನ್ನು ಮರೆತು ಮತ್ತೆ ಅಂಬೆಗಾಲಿಡುತ್ತಾ ಬಾಗಿಲು ದಾಟಿ ಬಂತು. ಮೈ ಕಾಯಬೇಕಾದ ಪಡೆಯೇ ದಾರಿ ತಪ್ಪಿ ತನ್ನ ಮಂಡಿ, ಮಣಿಕಟ್ಟು, ಬೆರಳುಗಳ ಮೇಲೆ ದಂಡೆತ್ತಿ ಹೋಗುತ್ತದಂತೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಕೀಲು ಬಾತುಕೊಳ್ಳುತ್ತದೆ, ಬಿಸಿಯಾಗುತ್ತದೆ. ಬೆಳಿಗ್ಗೆ ಎದ್ದಾಗ ಬೆರಳು ಬಿಚ್ಚುವುದಿಲ್ಲ, ಕಾಲು ಮಡಚುವುದಿಲ್ಲ. ಹೊತ್ತು ಏರಿದಂತೆ ಸಡಿಲವಾಗುತ್ತದೆ.

ಕೋಣೆಯ ಒಡತಿ ಮೇಡಂ. ಇಪ್ಪತ್ತೆರಡು ವರ್ಷದಿಂದ ಮಕ್ಕಳ ಕೀಲುಗಳನ್ನು ಮುಟ್ಟಿ ನೋಡುತ್ತಿರುವ ಡಾಕ್ಟರು. ಕೈ ಯಾವಾಗಲೂ ಬೆಚ್ಚಗಿರಬೇಕೆಂದು ಮಗುವನ್ನು ಮುಟ್ಟುವ ಮೊದಲು ಟೀ ಲೋಟ ಹಿಡಿದುಕೊಂಡು ಕೂರುತ್ತಾರೆ; ಟೀ ಕುಡಿಯುವುದಿಲ್ಲ. ಲೆಕ್ಕಾಚಾರಕ್ಕೆ ಅಂಕಿ ಸರ್. ಹೆಸರು ಬೇರೆ ಇದೆ, ಯಾರೂ ಕರೆಯುವುದಿಲ್ಲ. ಇನ್ನು ನಾನು, ಕಾಲೇಜಿನಿಂದ ಆರು ತಿಂಗಳ ತರಬೇತಿಗೆ ಬಂದವಳು.

ಮೇಡಂ ಕೈಗೆ ಕಾಯಿಲೆ ತಣ್ಣಗಾಗಿದೆ ಎನ್ನಿಸಿದ ಹತ್ತೊಂಬತ್ತು ಮಕ್ಕಳಿದ್ದರು. ಒಂದು ವರ್ಷದಿಂದ ಊತವಿಲ್ಲ, ರಕ್ತದ ವರದಿ ಸರಿ, ಕಾಯಿಲೆ ಕಣ್ಣಿಗೂ ಹರಡಬಹುದಾದ್ದರಿಂದ ನೋಡುವ ಕಣ್ಣಿನ ಡಾಕ್ಟರೂ ಸರಿ ಎಂದಿದ್ದಾರೆ. ಇವರ ವಾರದ ಇಂಜೆಕ್ಷನ್ ನಿಲ್ಲಿಸಬಹುದೇ? ಅದಕ್ಕೆ ಉಳಿದಿದ್ದು ಒಂದೇ ಪರೀಕ್ಷೆ, ಬೆಳಗಿನ ಬಿಗಿತ. ಅದನ್ನು ಆಸ್ಪತ್ರೆಯಲ್ಲಿ ನೋಡಲಾಗುವುದಿಲ್ಲ, ಮಗು ಇಲ್ಲಿಗೆ ಬರುವಷ್ಟರಲ್ಲಿ ಬಿಗಿತ ಬಿಟ್ಟಿರುತ್ತದೆ. ಆದ್ದರಿಂದ ಹನ್ನೆರಡು ವಾರ, ದಿನಾ ಬೆಳಿಗ್ಗೆ ಏಳರಿಂದ ಎಂಟರೊಳಗೆ ಫೋನ್. ಕೊನೆಯ ಎಂಟು ವಾರ ಬಿಗಿತವಿಲ್ಲದೆ ಕಳೆದ ಮಗುವಿಗೆ ಇಂಜೆಕ್ಷನ್ನಿನಿಂದ ಬಿಡುಗಡೆ. ಮನೆಯವರ ಒಪ್ಪಿಗೆಯ ಮೇಲೆ ಕರೆಗಳೆಲ್ಲ ರೆಕಾರ್ಡ್ ಆಗುತ್ತಿದ್ದವು. ಉತ್ತರವನ್ನು ನಾನು ನನ್ನ ಫೋನಿನಲ್ಲೇ ಟೈಪ್ ಮಾಡಿ ಶನಿವಾರ ಅಂಕಿ ಸರ್‌ಗೆ ಕಳಿಸಬೇಕು.

"ಮಗು ಏನು ಹೇಳ್ತೋ ಅದನ್ನೇ ಹಾಕು. ನಿನ್ನ ಒಗ್ಗರಣೆ ಬೇಡ" ಎಂದಿದ್ದರು ಅಂಕಿ ಸರ್.

"ಒಂದಕ್ಷರ ಆಚೀಚೆ ಆಗಲ್ಲ ಸರ್."

ಆಗಲಿಲ್ಲ ಕೂಡ. ಉತ್ತರದಲ್ಲಿ ಆಗಲಿಲ್ಲ.

ಅಚ್ಚಾದ ಹಾಳೆಯಲ್ಲಿ ಪ್ರಶ್ನೆ ಹೀಗಿತ್ತು: "ಇಂದು ಬೆಳಿಗ್ಗೆ ಎದ್ದಾಗ ನಿನ್ನ ಕೀಲುಗಳಲ್ಲಿ ಬಿಗಿತ ಅಥವಾ ನೋವು ಇತ್ತೇ?" ಮೂರು ದಿನ ಹಾಗೆಯೇ ಓದಿದೆ. ಮೊದಲ ದಿನ ಒಬ್ಬ ಹುಡುಗ "ಕೀಲು ಅಂದ್ರೆ ಬಾಗಿಲಿಗೆ ಹಾಕ್ತಾರಲ್ಲ, ಅದಾ?" ಎಂದ. ಎರಡನೇ ದಿನ ಒಬ್ಬಳು "ಬಿಗಿತ ಅಂದ್ರೆ ಬೈಗುಳನಾ?" ಎಂದಳು. ಮೂರನೇ ದಿನ ಒಂದು ಪುಟಾಣಿ ನನ್ನ ದನಿ ಕೇಳಿದ್ದೇ "ಪೊಲೀಸ್ ಫೋನು!" ಎಂದು ಅಮ್ಮನಿಗೆ ಕೊಟ್ಟು ಓಡಿಹೋಯಿತು. ಅಲ್ಲದೆ ಬೆಳ್ಳಂಬೆಳಿಗ್ಗೆ ಒಂದು ಮಗುವನ್ನು ಎಬ್ಬಿಸಿ "ನೋವಿದೆಯಾ" ಎಂದು ಕೇಳಲು ನನಗೆ ಬಾಯೇ ಬರುತ್ತಿರಲಿಲ್ಲ. ನಾಲ್ಕನೇ ದಿನದಿಂದ ನಾನು ನಮ್ಮ ಮನೆಯಲ್ಲಿ ಕೇಳುವ ಹಾಗೆ ಕೇಳತೊಡಗಿದೆ:

"ನೋವು ಗೀವು ಏನೂ ಇಲ್ಲ ತಾನೇ ಪುಟ್ಟ?"

ಆ ಹೊತ್ತಿಗೆ ಹತ್ತೊಂಬತ್ತರಲ್ಲಿ ಹದಿನೈದು ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇರುತ್ತಿತ್ತು. ಉತ್ತರ ಬರುತ್ತಿತ್ತು: "ಹೂಂ." ನಾನು ಬಸ್‌ಸ್ಟಾಪಿಗೆ ನಡೆಯುತ್ತಾ ಹೆಬ್ಬೆರಳಲ್ಲಿ "ಹೂಂ" ಎಂದು ಒತ್ತಿ ಮುಂದಿನ ನಂಬರಿಗೆ ಹೋಗುತ್ತಿದ್ದೆ. ಪ್ರಶ್ನೆ ಬದಲಾಯಿಸಿದ್ದನ್ನು ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ. ಅದು ಹೇಳುವಷ್ಟು ದೊಡ್ಡ ವಿಷಯ ಎಂದು ಹೊಳೆಯಲೇ ಇಲ್ಲ.

ಪಟ್ಟಿಯಲ್ಲಿ ಏಳನೆಯವಳು ಲಾಯರಮ್ಮ. ಈ ಹೆಸರಿಟ್ಟಿದ್ದು ನಮ್ಮ ಕೋಣೆಯ ನರ್ಸ್ ಸಿಸ್ಟರ್. ಒಂಬತ್ತು ವರ್ಷ, ಎರಡು ಜಡೆ, ಪ್ರತಿಯೊಂದಕ್ಕೂ ತಗಾದೆ. ಮೂರನೇ ವಯಸ್ಸಿನಲ್ಲಿ ಎರಡೂ ಮಂಡಿ, ಎಡಗೈ ಮಣಿಕಟ್ಟು, ಬಲಗೈಯ ಮೂರು ಬೆರಳು ಹಿಡಿದಿತ್ತು. ಈಗ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬರುತ್ತಾಳೆ. ಲಿಫ್ಟ್ ಹತ್ತುವುದು "ರೋಗಿಗಳು" ಅಂತೆ.

ಅವಳಿಗೆ ಬೇಕಿದ್ದದ್ದು ಒಂದೇ, ಶುಕ್ರವಾರದ ಇಂಜೆಕ್ಷನ್ ನಿಲ್ಲಬೇಕು. ಅದು ಚುಚ್ಚುವುದಕ್ಕಲ್ಲ. ಆ ಔಷಧಿ ಅರಿಶಿನದ ಬಣ್ಣದ್ದು, ಮರುದಿನವಿಡೀ ಹೊಟ್ಟೆ ತೊಳಸುತ್ತದೆ. ಆರು ವರ್ಷ ಹೀಗೇ ನಡೆದು ಈಗ ಆ ಬಣ್ಣ ಕಂಡರೇ ಸಾಕು, ಔಷಧಿ ಒಳಗೆ ಹೋಗುವ ಮೊದಲೇ ವಾಂತಿ. ಬಣ್ಣದ ಪೆನ್ಸಿಲ್ ಡಬ್ಬಿಯಲ್ಲಿ ಆ ಒಂದು ಪೆನ್ಸಿಲ್ ಇಲ್ಲ, ಸೂರ್ಯನನ್ನು ಕೆಂಪಗೆ ಬರೆಯುತ್ತಾಳೆ. ಶುಕ್ರವಾರ ಯಾವ ಗೆಳತಿಯ ಮನೆಗೂ ಹೋಗಿಲ್ಲ. ಶನಿವಾರ ಶಾಲೆಯ ಓಟದ ಅಭ್ಯಾಸಕ್ಕೂ ಹೋಗಿಲ್ಲ.

"ಅಕ್ಕ, ಹನ್ನೆರಡು ವಾರ ಆದ್ಮೇಲೆ ನಿಲ್ಲಿಸ್ತಾರೆ ತಾನೇ?"

"ನೋವಿಲ್ಲ ಅಂದ್ರೆ ನಿಲ್ಲಿಸ್ತಾರೆ."

"ಇಲ್ಲ ಅಂತ ನಾನು ಹೇಳೋದು, ಬರೆಯೋದು ನೀನು. ನೀನು ಸರಿಯಾಗಿ ಬರೀತೀಯಾ ಅನ್ನೋದಕ್ಕೆ ಏನು ಸಾಕ್ಷಿ?"

"ಏಯ್, ನಾನು ಸಂಶೋಧಕಿ ಕಣೇ!"

"ನಿನ್ನ ಶೂ ಲೇಸ್ ಬಿಚ್ಚಿಹೋಗಿದೆ, ಸಂಶೋಧಕಿ" ಎಂದು ಲಾಯರಮ್ಮ ಹೊರಟುಹೋಗಿದ್ದಳು.

ಅವಳ ಅಮ್ಮ ಟೈಲರ್, ಮನೆಯಲ್ಲೇ ಹೊಲಿಗೆ ಮೆಷಿನ್. ಇಂಜೆಕ್ಷನ್ ಕೊಡುವುದನ್ನು ಸ್ಪಂಜಿನ ಮೇಲೆ ಚುಚ್ಚಿ ಚುಚ್ಚಿ ಕಲಿತು, ಈಗ ಆರು ವರ್ಷದಿಂದ ಮಗಳ ತೊಡೆಗೆ ತಾವೇ ಕೊಡುತ್ತಾರೆ. "ಸೂಜಿ ಕೆಲಸ ತಾನೇ ನಂದು" ಎಂದು ನಗುತ್ತಾರೆ. ಮಗಳು ಬಕೆಟ್ ಮುಂದೆ ಕೂತಾಗ ನಗುವುದಿಲ್ಲ.

ಹನ್ನೆರಡು ವಾರ ಮುಗಿದ ಸೋಮವಾರ ಅಂಕಿ ಸರ್ ಕೋಣೆಯೊಳಗೆ ನೃತ್ಯವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದರು. ಪರದೆಯ ಮೇಲೆ ಕಂಬಗಳ ಚಿತ್ರ. ಹತ್ತೊಂಬತ್ತರಲ್ಲಿ ಹದಿನಾರು ಮಕ್ಕಳಿಗೆ ಹೆಚ್ಚುಕಡಿಮೆ ದಿನಾ ಬೆಳಿಗ್ಗೆ ಬಿಗಿತ!

"ನೋಡಿದ್ರಾ ಮೇಡಂ? ಊತ ಇಲ್ಲ, ರಕ್ತ ಸರಿ ಇದೆ, ಆದ್ರೆ ಬೆಳಿಗ್ಗೆ ಬಿಗಿತ ಇದೆ. ಇದುವರೆಗೂ ಯಾರೂ ಹೇಳದೇ ಇರೋ ವಿಷಯ! ಮರೆಯಲ್ಲಿರೋ ಬಿಗಿತ! ಸಮ್ಮೇಳನಕ್ಕೆ ಪೋಸ್ಟರ್ ಕಳಿಸೋಣ."

ಮೇಡಂ ಟೀ ಲೋಟ ಹಿಡಿದುಕೊಂಡು ಆ ಕಂಬಗಳನ್ನೇ ನೋಡುತ್ತಿದ್ದರು. "ಇಷ್ಟೊಂದಾ?"

"ಮಕ್ಕಳು ಚೆನ್ನಾಗೇ ಮಾತಾಡ್ತಿದ್ರಲ್ಲ ಸರ್" ಎಂದೆ ನಾನು.

"ಅದೇ ಮಜಾ! ದನಿಯಲ್ಲಿ ನಗು, ಉತ್ತರದಲ್ಲಿ ನೋವು."

ಎಂಥ ಮಾತು ಎನ್ನಿಸಿತು. ಅಷ್ಟರಲ್ಲಿ ಪೋಸ್ಟರಿನ ಕೆಳಗೆ ಐದನೆಯ ಹೆಸರಾಗಿ ನನ್ನ ಹೆಸರು ಬರುತ್ತದೆ ಎಂದರು. ಆಮೇಲೆ ನನ್ನ ಕಿವಿಗೆ ಬೇರೇನೂ ಬೀಳಲಿಲ್ಲ. ಅರ್ಧ ಗಂಟೆಯಲ್ಲಿ ಹನ್ನೊಂದು ಜನಕ್ಕೆ ಮೆಸೇಜ್ ಹೋಯಿತು.

ಬುಧವಾರ ಲಾಯರಮ್ಮ ಅಮ್ಮನೊಂದಿಗೆ ಬಂದಳು. ಮೇಡಂ ಅವಳ ಮಂಡಿ, ಮಣಿಕಟ್ಟು, ಒಂದೊಂದೇ ಬೆರಳನ್ನು ಒತ್ತಿ ನೋಡಿದರು. ಸಾಮಾನ್ಯವಾಗಿ ಒಂದು ಸಲ ನೋಡುವವರು ಅಂದು ಮೂರು ಸಲ ನೋಡಿದರು. ಆಮೇಲೆ ಹಾಳೆ ನೋಡಿದರು.

"ಪುಟ್ಟ, ಬೆಳಿಗ್ಗೆ ಹೊತ್ತು ಇನ್ನೂ ಬಿಗಿ ಇದೆ ಅಂತ ಬಂದಿದೆ. ಇಂಜೆಕ್ಷನ್ ಇನ್ನೊಂದು ವರ್ಷ ಇರ್ಲಿ."

ಅವಳ ಅಮ್ಮ ಉಸಿರು ಬಿಟ್ಟರು. "ಇರ್ಲಿ ಮೇಡಂ. ನಿಲ್ಲಿಸೋದು ಅಂದ್ರೆ ನಂಗೂ ಎದೆ ಡವಡವ ಅಂತಿತ್ತು."

ಲಾಯರಮ್ಮ ಕೂಗಾಡುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ನನ್ನನ್ನು ಒಮ್ಮೆ ನೋಡಿದಳು. ಬಾಗಿಲು ದಾಟಿ ಅಮ್ಮನ ಕೈ ಹಿಡಿದು ಲಿಫ್ಟಿನ ಮುಂದೆ ಹೋಗಿ ನಿಂತಳು.

ಅಂದು ಐದನೆಯ ಹೆಸರಿನ ಸಂತೋಷ ಅರ್ಧ ಇಳಿಯಿತು. ಉಳಿದರ್ಧ ಇಳಿದದ್ದು ಮರುದಿನ ಬೆಳಿಗ್ಗೆ, ಬಚ್ಚಲ ಬಾಗಿಲಲ್ಲಿ.

ನಾನು ಹಲ್ಲುಜ್ಜುತ್ತಾ ಫೋನ್ ನೋಡುತ್ತಿದ್ದೆ. ಚಿಕ್ಕಮ್ಮ ಅಡುಗೆಮನೆಯಿಂದ ಕೂಗಿದಳು, "ನಿಂದಿನ್ನೂ ಸ್ನಾನ ಆಗಿಲ್ಲ ತಾನೇ?"

"ಹೂಂ."

"ಹೂಂ ಅಂದ್ರೆ? ಹೂಂ ಆಗಿದೆ ಅಂತಲೋ, ಹೂಂ ಆಗಿಲ್ಲ ಅಂತಲೋ?"

"ಹೂಂ... ಹೂಂ ಅಂದ್ರೆ ಹೂಂ ಚಿಕ್ಕಮ್ಮ!"

"ನಿನ್ನ ಹೂಂ ಕಟ್ಕೊಂಡು ನಾನೇನು ಮಾಡ್ಲಿ! ಬಿಸಿನೀರಿನ ಸ್ವಿಚ್ ಆಫ್ ಮಾಡ್ಲಾ ಬೇಡ್ವಾ? ಬಾಯಲ್ಲಿರೋದನ್ನ ಉಗಿದು ನೆಟ್ಟಗೆ ಮಾತಾಡು. ಓದಿದೋರ ಮನೆ ಹೂಂಗುಟ್ಟೋದು ನೋಡು!"

ಉಗಿಯಲಿಲ್ಲ. ನುಂಗಿಬಿಟ್ಟೆ.

ಅಂಕಿ ಸರ್ ಮೇಜಿನ ಮೇಲಿದ್ದದ್ದು ಅಚ್ಚಾದ ಹಾಳೆ. ಅದರಲ್ಲಿ "ನೋವು ಇತ್ತೇ?" ಎಂದಿದೆ. ಅದರ ಮುಂದೆ ನಾನು ಕಳಿಸಿದ "ಹೂಂ". ಅವರ ಲೆಕ್ಕದಲ್ಲಿ ಹೂಂ ಎಂದರೆ ಹೌದು, ನೋವಿತ್ತು. ಆದರೆ ನಾನು ಕೇಳಿದ್ದು "ನೋವು ಇಲ್ಲ ತಾನೇ?" ಅದಕ್ಕೆ ಮಗು ಹೂಂ ಎಂದರೆ, ಹೌದು, ನೋವಿಲ್ಲ. ಊಹೂಂ ಎಂದರೆ, ಹಾಗಲ್ಲ, ನೋವಿದೆ. ಹನ್ನೆರಡು ವಾರ ನಾನು ಹಗಲನ್ನು ಕಳಿಸಿದ್ದೆ, ಅವರು ರಾತ್ರಿ ಎಂದು ಬರೆದುಕೊಂಡಿದ್ದರು. ಮಕ್ಕಳು ಎಷ್ಟು ಚೆನ್ನಾಗಿದ್ದರೋ ಕಂಬ ಅಷ್ಟು ಎತ್ತರ!

ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಎನ್ನುತ್ತಾರೆ. ಆ ಕೋತಿಗೆ ಐದನೆಯ ಹೆಸರೂ ಬೇಕಿತ್ತು.

ಬಸ್ಸಿನಲ್ಲಿ ಮೂರು ಸಲ ಮೆಸೇಜ್ ಬರೆದು ಮೂರು ಸಲ ಅಳಿಸಿದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಪೋಸ್ಟರ್ ಹೋಗುತ್ತದೆ, ನನ್ನ ತರಬೇತಿಯ ಪ್ರಮಾಣಪತ್ರ ಬರುತ್ತದೆ ಎಂಬ ಯೋಚನೆಯೂ ಬಂತು; ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮರುದಿನ ಶುಕ್ರವಾರ. ಮೂರನೇ ಮಹಡಿಗೆ ಮೆಟ್ಟಿಲಲ್ಲೇ ಓಡಿದೆ.

ಮೇಡಂ, ಅಂಕಿ ಸರ್ ಇಬ್ಬರೂ ಇದ್ದರು. ಒಂದೇ ಉಸಿರಿಗೆ ಹೇಳಿದೆ. ಚಿಕ್ಕಮ್ಮನ ಬಿಸಿನೀರಿನಿಂದ ಶುರುಮಾಡಿದ್ದರಿಂದ ಮೊದಲು ಅವರಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾದಾಗ ಅಂಕಿ ಸರ್ ನಿಧಾನವಾಗಿ ಕುರ್ಚಿಯಲ್ಲಿ ಕೂತರು.

"ಪ್ರಶ್ನೆ ಬದಲಾಯಿಸೋ ಅಧಿಕಾರ ನಿನಗೆ ಯಾರಮ್ಮ ಕೊಟ್ಟಿದ್ದು?"

"ಯಾರೂ ಇಲ್ಲ ಸರ್."

"ಮತ್ತೆ?"

"ಬೆಳಬೆಳಿಗ್ಗೆ ಮಗೂಗೆ ನೋವಿದ್ಯಾ ಅಂತ ಕೇಳೋಕೆ ಬಾಯಿ ಬರ್ಲಿಲ್ಲ ಸರ್. ನೀವು ಉತ್ತರ ಮಾತ್ರ ಇದ್ದ ಹಾಗೇ ಹಾಕು ಅಂದಿದ್ರಿ..."

"ಓಹೋ, ತಪ್ಪು ನಂದಾ ಈಗ!"

"ಇಲ್ಲ ಸರ್, ನಂದೇ."

"ಪೂರ್ತಿ ನಿಂದೇನಲ್ಲ" ಎಂದರು ಅವರು, ಇನ್ನೂ ಸಿಟ್ಟಿನಲ್ಲೇ. "ಹೂಂ ಅನ್ನೋದನ್ನ ಒಂದು, ಅಂದ್ರೆ ನೋವಿದೆ ಅಂತ ಬರ್ಕೊಳ್ಳೋ ಮೊದಲು ಒಂದೇ ಒಂದು ಕರೆ ಕೇಳ್ಬೇಕಿತ್ತು ನಾನು. ಕೇಳ್ಲಿಲ್ಲ."

ನಾನು ಮೇಡಂ ಕಡೆ ನೋಡಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು.

"ಮೂರು ದಿನದಿಂದ ನಿದ್ದೆ ಇಲ್ಲ ನಂಗೆ" ಎಂದರು. "ಇಪ್ಪತ್ತೆರಡು ವರ್ಷ ಈ ಕೈ ನಂಬಿದೀನಿ. ಹದಿನಾರು ಮಕ್ಕಳ ವಿಷಯದಲ್ಲಿ ಕೈ ಸುಳ್ಳು ಹೇಳ್ತು ಅಂತ ಅನ್ಕೊಂಡ್ಬಿಟ್ಟಿದ್ದೆ. ಸದ್ಯ!" ಆಮೇಲೆ ದನಿ ಗಟ್ಟಿಯಾಯಿತು. "ಆದ್ರೆ ನೀನು ಮಾಡಿದ್ದು ಸಣ್ಣ ತಪ್ಪಲ್ಲ. ಸಂಶೋಧನೆಯ ಸರಿತಪ್ಪು ನೋಡೋ ನೀತಿ ಸಮಿತಿಗೆ ಪತ್ರ ಬರೀಬೇಕು. ನೀನೇ ಬರೀತೀಯ. ಬಿಸಿನೀರು ಬಿಟ್ಟು."

"ಹೂಂ ಮೇಡಂ" ಎಂದು ನಾಲಿಗೆ ಕಚ್ಚಿಕೊಂಡೆ. "ಅಲ್ಲ, ಬರೀತೀನಿ ಮೇಡಂ."

ಎಲ್ಲ ಉತ್ತರಗಳನ್ನೂ ಸುಮ್ಮನೆ ಉಲ್ಟಾ ಮಾಡಿದರೆ ಸಾಲದೇ ಎಂದು ಸಿಸ್ಟರ್ ಕೇಳಿದರು. ಸಾಲದು. ಮೊದಲ ಮೂರು ದಿನ ನಾನು ಅಚ್ಚಿನ ಪ್ರಶ್ನೆಯನ್ನೇ ಓದಿದ್ದೆ, ಅಲ್ಲಿ ಹೂಂ ಎಂದರೆ ನೋವಿತ್ತು. ಆಮೇಲೂ ಕೆಲವು ದಿನ, ಬೇಗ ಆಸ್ಪತ್ರೆಗೆ ಬಂದು ಮೇಡಂ ಪಕ್ಕದಲ್ಲಿದ್ದಾಗ, ಭಯಕ್ಕೆ ಸರಿಯಾಗಿಯೇ ಕೇಳಿದ್ದೆ. ಯಾವ ಹೂಂ ಯಾವ ಪ್ರಶ್ನೆಗೆ ಎಂದು ಗೊತ್ತಾಗಬೇಕಾದರೆ ಕರೆಗಳನ್ನೆಲ್ಲ ಮೊದಲಿನಿಂದ ಕೇಳಬೇಕು. ಫೋನ್ ಎತ್ತದ ದಿನಗಳನ್ನು ಬಿಟ್ಟರೆ ಸಾವಿರದ ನಾನೂರ ಹನ್ನೆರಡು ಕರೆ. ಕೇಳುವವರು ನಾನಾಗುವ ಹಾಗಿಲ್ಲ. ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗಾಗುತ್ತದೆ. ಸಿಸ್ಟರ್ ಒಂದು ಕಡೆ, ಅಂಕಿ ಸರ್ ಇನ್ನೊಂದು ಕಡೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದೆ ಬರೆಯಬೇಕು. ಇಬ್ಬರದೂ ಹೊಂದಿದರೆ ಸರಿ, ಹೊಂದದಿದ್ದರೆ ಮೇಡಂ ತೀರ್ಪು. ನನ್ನ ಪಾಲಿಗೆ ಬಂದದ್ದು ಕರೆಗಳನ್ನು ಒಂದೊಂದಾಗಿ ಹಚ್ಚಿ ಕೇಳಿಸುವ ಕೆಲಸ, ಮತ್ತು ಬಾಯಿ ಮುಚ್ಚಿಕೊಂಡಿರುವ ಕೆಲಸ. ಎರಡನೆಯದು ಕಷ್ಟವಾಯಿತು.

ಲಾಯರಮ್ಮನ ಮನೆಗೆ ಮೇಡಂ ತಾವೇ ಫೋನ್ ಮಾಡಿದರು. ಲೆಕ್ಕದಲ್ಲಿ ತಪ್ಪಾಗಿದೆ, ಮತ್ತೆ ನೋಡುತ್ತಿದ್ದೇವೆ, ಅಲ್ಲಿಯವರೆಗೆ ಇಂಜೆಕ್ಷನ್ ಎಂದಿನಂತೆ ನಡೆಯಲಿ ಎಂದರು. ನಾಳಿನ ಶುಕ್ರವಾರವನ್ನು ತಪ್ಪಿಸಲು ಆಗಲಿಲ್ಲ. ಅದು ನನಗೆ ಬಹಳ ಚುಚ್ಚಿತು.

ನಾಲ್ಕು ಮಧ್ಯಾಹ್ನ ಕೋಣೆಯ ತುಂಬ ಹೂಂ. ಮೊದಮೊದಲು ಅಂಕಿ ಸರ್ ಮುಖ ಗಂಟಿಕ್ಕಿಕೊಂಡಿದ್ದರು. ಎರಡನೇ ಮಧ್ಯಾಹ್ನದ ಹೊತ್ತಿಗೆ ಅವರಿಗೆ ರುಚಿ ಹತ್ತಿತು. ಹೂಂನಲ್ಲಿ ಎಷ್ಟು ಬಗೆ! ನಿದ್ದೆಗಣ್ಣಿನ ಹೂಂ, ಪೇಸ್ಟಿನ ನೊರೆಯ ಹೂಂ, ಅಮ್ಮನ ಮೇಲಿನ ಸಿಟ್ಟಿನ ಹೂಂ, "ಬೇಗ ಮುಗಿಸು ಅಕ್ಕ" ಎನ್ನುವ ಹೂಂ. ಹೇಳಬೇಕೋ ಬೇಡವೋ ಎಂದು ಅಳೆದೂ ಸುರಿದೂ ಕೊನೆಗೆ ಎಳೆದ ಒಂದು ಹೂಂ ಬಂದಾಗ ಮಾತ್ರ ಎಲ್ಲರೂ ಪೆನ್ನು ಕೆಳಗಿಟ್ಟರು. ಆ ಹುಡುಗನನ್ನು ಮೇಡಂ ಮರುದಿನವೇ ಕರೆಸಿದರು. ಹಿಮ್ಮಡಿಯಲ್ಲಿ ಸಣ್ಣ ಊತ ಶುರುವಾಗಿತ್ತು. "ಇದು ಅಂಕಿಯಲ್ಲಿ ಎಲ್ಲಿ ಬರತ್ತೆ?" ಎಂದು ಅಂಕಿ ಸರ್ ತಮ್ಮನ್ನೇ ಕೇಳಿಕೊಂಡರು.

ಮೂರನೇ ಮಧ್ಯಾಹ್ನ ಏಳನೇ ನಂಬರು. ಲಾಯರಮ್ಮ.

ಮೊದಲ ಮೂರು ವಾರದಲ್ಲಿ ಒಂಬತ್ತು ದಿನ ಅವಳು "ಊಹೂಂ" ಎಂದಿದ್ದಳು. ನೋವಿಲ್ಲ ತಾನೇ ಎಂದರೆ, ಊಹೂಂ, ಇದೆ. ಒಂದು ದಿನ ಬ್ರಷ್ ತೆಗೆದು, "ಎಡಗೈ ಸ್ವಲ್ಪ ಇತ್ತು ಅಕ್ಕ, ಹಾಲು ಕುಡಿಯೋ ಹೊತ್ತಿಗೆ ಹೋಯ್ತು. ಬರ್ಕೋ" ಎಂದೂ ಹೇಳಿದ್ದಳು. ಸಿಸ್ಟರ್ ಮೇಡಂ ಕಡೆ ನೋಡಿದರು.

"ಸುಳ್ಳು ಹೇಳಬಹುದಿತ್ತು ಇವಳು" ಎಂದರು ಮೇಡಂ. "ನಿಲ್ಲಿಸ್ತಾರೆ ಅಂತ ಗೊತ್ತಿತ್ತಲ್ಲ."

ಆಮೇಲೆ ಹೂಂ, ಹೂಂ, ಹೂಂ. ನಾಲ್ಕನೇ ವಾರ, ಐದು, ಆರು. ನಾನು ಕರೆ ಹಚ್ಚುತ್ತಾ ಒಳಗೇ ಕುಣಿಯುತ್ತಿದ್ದೆ. ಏಳು, ಎಂಟು, ಒಂಬತ್ತು. ಹತ್ತನೇ ವಾರದ ಮಂಗಳವಾರ.

"ನೋವು ಗೀವು ಏನೂ ಇಲ್ಲ ತಾನೇ ಪುಟ್ಟ?" ಎಂದಿತು ಫೋನಿನೊಳಗಿನ ನನ್ನ ದನಿ.

"ಊಹೂಂ."

ಕೊನೆಯ ಎಂಟು ವಾರದಲ್ಲಿ ಒಂದು ದಿನವೂ ಇರಬಾರದು. ನಿಯಮ ಎಂದರೆ ನಿಯಮ. ಅಂಕಿ ಸರ್ ಪೆನ್ನು ಹಾಳೆಯ ಮೇಲಿಟ್ಟು ಬರೆಯದೆ ನಿಂತರು. ಆ ದಿನದ್ದು ನನಗೆ ಒಂದು ಚೂರೂ ನೆನಪಿರಲಿಲ್ಲ.

"ಅಯ್ಯೋ, ಎಲ್ಲಿ ಪುಟ್ಟ?" ಎಂದಿತು ನನ್ನ ದನಿ.

ಉಗಿದ ಸದ್ದು. ಆಮೇಲೆ ಕಿವಿ ಕಿತ್ತುಹೋಗುವ ಹಾಗೆ, "ತಲೇಲಿ! ಅಮ್ಮ ಜಡೆ ಹಾಕ್ತೀನಂತ ಕೂದಲೆಲ್ಲ ಕಿತ್ತಾಕ್ತಿದಾಳೆ! ಇದನ್ನೂ ಬರ್ಕೋ ಅಕ್ಕ, ಅಮ್ಮನ ಮೇಲೆ ಕೇಸ್ ಹಾಕು!" ಹಿಂದಿನಿಂದ ಅಮ್ಮನ ದನಿ, "ನೆಟ್ಟಗೆ ನಿಂತ್ಕೊಂಡ್ರೆ ಯಾಕೆ ನೋಯತ್ತೆ, ಕಪಿ!"

ಸಿಸ್ಟರ್ ನಕ್ಕು ನಕ್ಕು ಮೇಜಿಗೆ ತಲೆಯಿಟ್ಟರು. ಅಂಕಿ ಸರ್ ಬಹಳ ಗಂಭೀರವಾಗಿ, "ಕೂದಲಿಗೆ ಕೀಲಿಲ್ಲ" ಎಂದು ಹೇಳಿ ಸೊನ್ನೆ ಬರೆದರು. ಹನ್ನೆರಡನೇ ವಾರದ ಕೊನೆಯ ದಿನದವರೆಗೂ ಸೊನ್ನೆಯೇ.

ಎರಡನೇ ಶುಕ್ರವಾರದ ಹಿಂದಿನ ದಿನ ಅವರನ್ನು ಕರೆಸಿದರು. ಮೇಡಂ ಮತ್ತೆ ಎಲ್ಲ ಕೀಲುಗಳನ್ನು ಮುಟ್ಟಿದರು, ಈ ಸಲ ಒಂದೇ ಸಲ. ಆ ಬೆಳಗಿನ ರಕ್ತದ ವರದಿಯನ್ನೂ ನೋಡಿದರು. "ನಿಲ್ಲಿಸೋಣ" ಎಂದರು.

ಲಾಯರಮ್ಮ ಅಮ್ಮನ ಸೆರಗು ಹಿಡಿದು ಎಳೆದಳು. ಅವಳ ಅಮ್ಮ ಕುರ್ಚಿಯ ತುದಿಗೆ ಸರಿದರು.

"ಮೇಡಂ, ಮತ್ತೆ ಬಂದ್ಬಿಟ್ರೆ?"

"ಬರಬಹುದು. ಬರಲ್ಲ ಅಂತ ನಾನು ಮಾತು ಕೊಡಲ್ಲ. ಬಂದ್ರೆ ಮತ್ತೆ ಶುರು ಮಾಡ್ತೀವಿ. ಕಣ್ಣಿನ ಡಾಕ್ಟರ ಹತ್ರ ಮೂರು ತಿಂಗಳಿಗೊಂದ್ಸಲ ಹೋಗ್ತಾ ಇರಿ. ಇವಳು ಫೋನ್ ಮಾಡ್ತಾ ಇರ್ತಾಳೆ."

"ಇವಳಾ?" ಎಂದಳು ಲಾಯರಮ್ಮ.

ನಾನು ಅವಳ ಮುಂದೆ ಮಂಡಿಯೂರಿ ಕೂತೆ. ಏನು ತಪ್ಪು ಮಾಡಿದೆ ಎಂದು ಎಲ್ಲವನ್ನೂ ಹೇಳಿದೆ. ನನ್ನಿಂದ ಎರಡು ಶುಕ್ರವಾರ ಸುಮ್ಮನೆ ಹೋಯಿತು ಎಂದೂ ಹೇಳಿದೆ.

"ಒಂದೇ ಶುಕ್ರವಾರ. ನಾಳೆದು ಇನ್ನೂ ಆಗಿಲ್ಲ" ಎಂದು ತಿದ್ದಿದಳು. ಸ್ವಲ್ಪ ಯೋಚಿಸಿದಳು. "ನೀನೇ ಹೋಗಿ ಒಪ್ಕೊಂಡ್ಯಾ, ಹಿಡಿದುಹಾಕಿದ್ರಾ?"

"ನಾನೇ ಒಪ್ಕೊಂಡೆ."

"ಹಾಗಾದ್ರೆ ಶಿಕ್ಷೆ ಕಮ್ಮಿ."

ಅವಳ ಅಮ್ಮ ಕಾರಿಡಾರಿನಲ್ಲಿ ನನ್ನ ತೋಳು ಹಿಡಿದುಕೊಂಡರು. "ಆರು ವರ್ಷ ಕಣಮ್ಮ. ಶುಕ್ರವಾರ ಅಂದ್ರೆ ಏನಾದ್ರೂ ಮಾಡ್ತಿದ್ದೆ. ಈಗ ಕೈಕಟ್ಟಿ ಕೂತ್ಕೋಬೇಕಲ್ಲ, ಅದೇ ಭಯ."

"ನಾನು ಫೋನ್ ಮಾಡ್ತೀನಿ ಆಂಟಿ."

"ಮಾಡು. ಆದ್ರೆ ಈ ಸಲ ನೆಟ್ಟಗೆ ಕೇಳು ತಾಯಿ."

ಆ ತಿಂಗಳೊಳಗೆ ಹತ್ತೊಂಬತ್ತರಲ್ಲಿ ಹದಿಮೂರು ಮಕ್ಕಳ ಇಂಜೆಕ್ಷನ್ ನಿಂತಿತು. ಪೋಸ್ಟರ್ ಹೋಗಲಿಲ್ಲ, ಐದನೆಯ ಹೆಸರೂ ಇಲ್ಲ. ಹನ್ನೊಂದು ಜನಕ್ಕೆ ಮತ್ತೆ ಮೆಸೇಜ್ ಕಳಿಸಿದೆ, ಒಂಬತ್ತು ಜನ ನಗುವ ಮುಖ ಕಳಿಸಿದರು. ನೀತಿ ಸಮಿತಿ ಎರಡು ಪುಟ ಬೈದು, ಹೊಸ ಪ್ರಶ್ನೆ ಬರೆಯಿರಿ ಎಂದಿತು. ಬರೆಯಲು ಕೂತವರು ಮೇಡಂ, ಅಂಕಿ ಸರ್, ಸಿಸ್ಟರ್, ನಾನು, ಮತ್ತು ಅಂಕಿ ಸರ್ ಹಟ ಹಿಡಿದು ಕರೆಸಿದ ನನ್ನ ಚಿಕ್ಕಮ್ಮ. "ಹೂಂ ಅಂತ ಹೇಳೋಕೇ ಆಗಬಾರದು, ಅಂಥ ಪ್ರಶ್ನೆ ಕೇಳಿ" ಎಂದು ಚಿಕ್ಕಮ್ಮ ಕಾಲ ಮೇಲೆ ಕಾಲು ಹಾಕಿಕೊಂಡು ಸಂಶೋಧಕರಿಗೆ ಪಾಠ ಮಾಡಿದಳು. ಕೊನೆಗೆ ಉಳಿದ ಪ್ರಶ್ನೆ ಇದು: "ಇವತ್ತು ಎದ್ದ ಮೇಲೆ ಕೈಕಾಲು ಸರಾಗ ಆಗೋಕೆ ಎಷ್ಟು ಹೊತ್ತು ಬೇಕಾಯ್ತು?" ಉತ್ತರ ನಿಮಿಷದಲ್ಲಿ.

ಹತ್ತು ವಾರ ಕಳೆದ ಒಂದು ಶನಿವಾರ ಬೆಳಿಗ್ಗೆ ಏಳನೇ ನಂಬರಿಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ಅವಳ ಅಮ್ಮ ಎತ್ತಿದರು, ಹಿಂದೆ ಹೊಲಿಗೆ ಮೆಷಿನ್ನಿನ ಕಟಕಟ.

"ಇವಳು ಶಾಲೆ ಮೈದಾನಕ್ಕೆ ಹೋಗಿದಾಳಮ್ಮ, ಓಟದ ಅಭ್ಯಾಸ. ಆರೂವರೆಗೇ ಹೋದ್ಲು. ಮಧ್ಯಾಹ್ನ ಮಾಡ್ತೀಯಾ?"

ಮಧ್ಯಾಹ್ನ ಮಾಡಿದೆ. ಲಾಯರಮ್ಮ ಏದುಸಿರು ಬಿಡುತ್ತಾ ಬಂದಳು. ಹಳದಿ ಅಂಗಿಯ ತಂಡದವರು ಮೋಸ ಮಾಡಿದರು, ಸೀಟಿ ಊದುವ ಮೊದಲೇ ಓಡಿದರು, ಆದರೂ ಅವಳು ನಾಲ್ಕನೆಯವಳಾಗಿ ಬಂದಳು, ನಾಲ್ಕನೆಯದಕ್ಕೆ ಬಹುಮಾನ ಇಲ್ಲದಿರುವುದು ಅನ್ಯಾಯ, ಮೇಷ್ಟ್ರಿಗೆ ಅರ್ಜಿ ಕೊಡುತ್ತಾಳೆ. ಹತ್ತು ನಿಮಿಷ ನನಗೆ ಸಂದು ಸಿಗಲಿಲ್ಲ.

"ಆಯ್ತು ಆಯ್ತು. ಇವತ್ತು ಎದ್ದ ಮೇಲೆ ಕೈಕಾಲು ಸರಾಗ ಆಗೋಕೆ ಎಷ್ಟು ಹೊತ್ತು ಬೇಕಾಯ್ತು?"

ಅತ್ತ ಕಡೆ ನೀರು ಗುಟುಕರಿಸಿದ ಸದ್ದು.

"ಅಯ್ಯೋ ಅಕ್ಕ" ಎಂದಳು. "ನೋಡ್ಕೊಳ್ಳೋದೇ ಮರ್ತೋಯ್ತು."

ನಾನು ಫೋನಿನಲ್ಲಿ ಏನು ಒತ್ತಬೇಕೆಂದು ತಿಳಿಯದೆ ಅಂಕಿ ಸರ್ ಮೇಜಿನ ಬಳಿ ಹೋಗಿ, "ಮರ್ತೋಯ್ತು ಅಂದ್ರೆ ಎಷ್ಟು ಸರ್? ಸೊನ್ನೆನಾ, ಉತ್ತರ ಇಲ್ಲ ಅಂತನಾ?" ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಪರದೆಯ ಮೇಲಿನ ಕೋಷ್ಟಕವನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು.

"ಎರಡೂ ಅಲ್ಲ" ಎಂದರು. "ಸರಿ, ಕುರ್ಚಿ ಎಳ್ಕೋ. ಇದಕ್ಕೊಂದು ಹೊಸ ಕಾಲಮ್ ಹಾಕೋಣ."